ಡ್ರಾಕುಲಾನೋ ಕಾರ್ಮಿಲ್ಲಾನೋ? ಹಳೇ ದೆವ್ವದ ಕಾದಂಬರಿಗಳಲ್ಲಿ ಮೊದಲು ಯಾವುದನ್ನು ಓದಬೇಕು

ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಬೆಳೆದವರಿಗೆ 'ನಾಳೆ ಬಾ' ನೆನಪಿರುತ್ತದೆ. ನಮ್ಮದು ಹನುಮಂತನಗರದ ಒಂದು ವಠಾರ. ಎಂಟು ಮನೆ, ಒಂದೇ ನಲ್ಲಿ. ಒಂದು ಸಂಜೆ ಸ್ಕೂಲಿಂದ ಬಂದು ನೋಡಿದರೆ ಎಂಟೂ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಅದೇ ಎರಡು ಪದ. ರಾತ್ರಿ ದೆವ್ವ ಬರುತ್ತದಂತೆ. ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕರೆಯುತ್ತದಂತೆ. 'ಬಂದೆ' ಅಂತ ಬಾಗಿಲು ತೆಗೆದರೆ ಮುಗಿಯಿತು. ಬಾಗಿಲ ಮೇಲೆ ಬರೆದಿದ್ದರೆ ಓದಿಕೊಂಡು ವಾಪಸ್ ಹೋಗುತ್ತದೆ. ಮರುದಿನ ಬಂದರೆ ಮತ್ತೆ ಅದೇ 'ನಾಳೆ ಬಾ'. "ದೆವ್ವಕ್ಕೆ ಕನ್ನಡ ಓದೋಕೆ ಬರುತ್ತಾ ದೊಡ್ಡಮ್ಮ?" ಅಂತ ಕೇಳಿದ್ದಕ್ಕೆ ತಲೆಗೆ ಒಂದು ಮೊಟಕು ಸಿಕ್ಕಿತ್ತು.

ಆಗ ನನಗೆ ಒಂದು ವಿಷಯ ಮಾತ್ರ ವಿಚಿತ್ರ ಅನ್ನಿಸಿತ್ತು. ಅಷ್ಟು ಶಕ್ತಿ ಇರುವ ದೆವ್ವ ಬಾಗಿಲು ಒಡೆದುಕೊಂಡು ಬರಬಾರದಾ? ನಾವೇ ಯಾಕೆ ತೆಗೆಯಬೇಕು?

ಎಷ್ಟೋ ವರ್ಷ ಆದಮೇಲೆ 'ಡ್ರಾಕುಲಾ' ಓದುವಾಗ ಹದಿನೆಂಟನೇ ಅಧ್ಯಾಯದಲ್ಲಿ ಅದೇ ನಿಯಮ ಎದುರಾಯಿತು. ಮನೆಯೊಳಗಿನವರು ಯಾರಾದರೂ ಕರೆಯದೆ, ರಕ್ತ ಹೀರುವ ಆ ಡ್ರಾಕುಲಾ ಮೊದಲ ಸಲ ಒಳಗೆ ಕಾಲಿಡುವಂತಿಲ್ಲ. ಒಮ್ಮೆ ಕರೆದರೆ ಮುಗಿಯಿತು, ಆಮೇಲೆ ಯಾವಾಗ ಬೇಕಾದರೂ ಬರಬಹುದು. ನನಗೆ ವಠಾರದ ಎಂಟು ಬಾಗಿಲೂ ಕಣ್ಣ ಮುಂದೆ ಬಂದವು.

ಬಸವನಗುಡಿಯಲ್ಲಿ ನಾವು ಏಳೆಂಟು ಜನ ತಿಂಗಳಿಗೊಂದು ಸಲ ಸೇರಿ ಒಂದು ಪುಸ್ತಕದ ಬಗ್ಗೆ ಮಾತಾಡುತ್ತೇವೆ. ಅಲ್ಲಿಗೆ ಹೊಸದಾಗಿ ಬರುವವರು ಕೇಳುವ ಪ್ರಶ್ನೆ ಇದು: ದೆವ್ವದ ಕ್ಲಾಸಿಕ್ ಓದಬೇಕು, ಯಾವುದರಿಂದ ಶುರು ಮಾಡಲಿ? ನಾಲ್ಕು ಹೆಸರು ಪದೇ ಪದೇ ಬರುತ್ತವೆ. ಶೆರಿಡನ್ ಲೆ ಫಾನು ಬರೆದ 'ಕಾರ್ಮಿಲ್ಲಾ', ಆಸ್ಕರ್ ವೈಲ್ಡ್‌ನ 'ದಿ ಪಿಕ್ಚರ್ ಆಫ್ ಡೋರಿಯನ್ ಗ್ರೇ', ಬ್ರಾಮ್ ಸ್ಟೋಕರ್‌ನ 'ಡ್ರಾಕುಲಾ', ಹೆನ್ರಿ ಜೇಮ್ಸ್‌ನ 'ದಿ ಟರ್ನ್ ಆಫ್ ದಿ ಸ್ಕ್ರೂ'. ನಾಲ್ಕರಲ್ಲೂ ಮರ್ಯಾದಸ್ಥರ ಮನೆ ಇದೆ. ಆ ಮನೆಯೊಳಗೆ ಬಾಯಿಬಿಟ್ಟು ಹೇಳಲಾಗದ ಒಂದು ಆಸೆ ಇದೆ. ಆಮೇಲೆ ಬಾಗಿಲ ಬಳಿ ಏನೋ ಬಂದು ನಿಲ್ಲುತ್ತದೆ. ಹಾಗಾಗಿ ನಾನು ಇವನ್ನು ಬಾಗಿಲ ಲೆಕ್ಕದಲ್ಲೇ ಹೋಲಿಸುತ್ತೇನೆ. ಯಾರು ತಟ್ಟುತ್ತಾರೆ, ಯಾರು ತೆಗೆಯುತ್ತಾರೆ? ಭಯದ ಲೆಕ್ಕದಲ್ಲಿ ಹೋಲಿಸಿದರೆ ಈಗಿನ ಓದುಗರಿಗೆ ನಾಲ್ಕೂ ಸಪ್ಪೆ ಅನ್ನಿಸಬಹುದು.

ಶುರು ಮಾಡುವ ಮೊದಲು ಒಂದು ಹರಟೆ ಮಾತು. ಈ ನಾಲ್ವರಲ್ಲಿ ಮೂವರು ಡಬ್ಲಿನ್ನಿನವರು, ಮೂವರೂ ಅಲ್ಲಿನ ಟ್ರಿನಿಟಿ ಕಾಲೇಜಿನಲ್ಲಿ ಓದಿದವರು. ಸ್ಟೋಕರ್ ಚಿಕ್ಕವಯಸ್ಸಿನಲ್ಲಿ ನಾಟಕ ವಿಮರ್ಶೆ ಬರೆಯುತ್ತಿದ್ದ ಪತ್ರಿಕೆಯಲ್ಲಿ ಲೆ ಫಾನುಗೆ ಪಾಲಿತ್ತು. ಸ್ಟೋಕರ್ ಮದುವೆಯಾದ ಫ್ಲಾರೆನ್ಸ್ ಹಿಂದೆ ಮೊದಲು ಓಡಾಡಿದ್ದವನು ವೈಲ್ಡ್. ಎಲ್ಲರಿಗೂ ಎಲ್ಲರ ಮನೆ ವಿಷಯ ಗೊತ್ತಿರುವ ಮಲ್ಲೇಶ್ವರದ ಎಂಟನೇ ಕ್ರಾಸಿನ ಹಾಗೆ. ಅಂಥ ಊರಿನಲ್ಲಿ ಜನ ಬಚ್ಚಿಡುವುದನ್ನು ಬೇಗ ಕಲಿಯುತ್ತಾರೆ. ಜೇಮ್ಸ್ ಮಾತ್ರ ಹೊರಗಿನವನು, ಅಮೆರಿಕದಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದವನು.

ಡ್ರಾಕುಲಾ: ಸಿನಿಮಾ ನೋಡಿದವರು ಮೊದಲು ಅದನ್ನು ಮರೆಯಬೇಕು

1897ರ ಮೇ ತಿಂಗಳಲ್ಲಿ ಬಂದ ಪುಸ್ತಕ. 27 ಅಧ್ಯಾಯ, ಹೆಚ್ಚುಕಡಿಮೆ 400 ಪುಟ. ಎಲ್ಲರೂ ಇದನ್ನೇ ಮೊದಲು ಕೈಗೆತ್ತಿಕೊಳ್ಳುತ್ತಾರೆ, ಯಾಕೆಂದರೆ ಹೆಸರು ಗೊತ್ತು. ಅರ್ಧ ಜನ ನಡುವೆಯೇ ಕೈಬಿಡುತ್ತಾರೆ, ಯಾಕೆಂದರೆ ಅವರಿಗೆ ಗೊತ್ತಿರುವುದು ಬೇರೆ ಡ್ರಾಕುಲಾ. ಬಿಸಿಲು ಬಿದ್ದರೆ ಅವನು ಸುಟ್ಟು ಹೋಗುತ್ತಾನೆ ಅಂದುಕೊಂಡಿದ್ದೀರಾ? ಅದು 1922ರ ಜರ್ಮನ್ ಮೂಕಿ ಚಿತ್ರದಿಂದ ಬಂದದ್ದು. ಕಾದಂಬರಿಯಲ್ಲಿ ಅವನು ಹಾಡಹಗಲೇ ಲಂಡನ್ನಿನ ಪಿಕಾಡಿಲಿಯಲ್ಲಿ ನಿಂತು ಚೆಂದದ ಹುಡುಗಿಯೊಬ್ಬಳನ್ನು ನೋಡುತ್ತಿರುತ್ತಾನೆ. ಹಗಲಲ್ಲಿ ಶಕ್ತಿ ಕಡಿಮೆ, ಅಷ್ಟೇ.

ಇನ್ನೊಂದು ವಿಷಯ. ಮೊದಲ ನಾಲ್ಕು ಅಧ್ಯಾಯದ ಕೋಟೆ ಮುಗಿದ ಮೇಲೆ ಅವನು ಕಣ್ಣಿಗೆ ಬೀಳುವುದೇ ಅಪರೂಪ. ಪುಸ್ತಕದ ತುಂಬ ಡೈರಿ, ಕಾಗದ, ಟೆಲಿಗ್ರಾಂ, ಪೇಪರ್ ತುಣುಕು, ಹಡಗಿನ ದಿನಚರಿ. ಡಾಕ್ಟರೊಬ್ಬ ತನ್ನ ಡೈರಿಯನ್ನು ಫೋನೋಗ್ರಾಫಿನಲ್ಲಿ ಧ್ವನಿ ಮುದ್ರಿಸಿಕೊಳ್ಳುತ್ತಾನೆ. ಕಥೆಯ ನಾಯಕಿ ಮೀನಾ ಅದನ್ನೆಲ್ಲ ಟೈಪ್ ಮಾಡುತ್ತಾಳೆ. ಒಂದು ದೊಡ್ಡ ಕುಟುಂಬದ ವಾಟ್ಸಾಪ್ ಗ್ರೂಪನ್ನು ಮೊದಲಿಂದ ಕೊನೆವರೆಗೆ ಓದಿದ ಹಾಗೆ. ಎಲ್ಲರಿಗೂ ಒಂದೊಂದು ಚೂರು ಗೊತ್ತು, ಯಾರೂ ಪೂರ್ತಿ ಹೇಳುವುದಿಲ್ಲ. ಈ ಕಾದಂಬರಿಯ ನಿಜವಾದ ಭಯ ಇರುವುದು ಇಲ್ಲಿ ಅಂತ ನನಗನ್ನಿಸುತ್ತದೆ. ಎಲ್ಲರಿಗಿಂತ ಚುರುಕಾದ ಮೀನಾಳನ್ನು 'ಹೆಣ್ಣುಮಗಳು, ಅವಳಿಗೆ ಇದೆಲ್ಲ ಬೇಡ' ಅಂತ ಗಂಡಸರು ಸೇರಿ ಹೊರಗಿಡುತ್ತಾರೆ. ಡ್ರಾಕುಲಾ ನುಗ್ಗುವುದು ಸರಿಯಾಗಿ ಆ ಸಂದಿಯಲ್ಲೇ.

ಇನ್ನು ಆಸೆಯ ಮಾತು. ಲೂಸಿ ಅನ್ನುವ ಹುಡುಗಿಗೆ ಒಂದೇ ದಿನ ಮೂರು ಜನ ಮದುವೆ ಪ್ರಸ್ತಾಪ ಮಾಡುತ್ತಾರೆ. ಒಬ್ಬಳು ಮೂವರನ್ನೂ ಮದುವೆಯಾಗಬಾರದಾ ಅಂತ ಅವಳು ಗೆಳತಿಗೆ ತಮಾಷೆಯಾಗಿ ಬರೆಯುತ್ತಾಳೆ. ಬರೆದ ತಕ್ಷಣ, ಇದನ್ನೆಲ್ಲ ಹೇಳಬಾರದು ಅಂತ ನಾಲಿಗೆ ಕಚ್ಚಿಕೊಳ್ಳುತ್ತಾಳೆ. ಆ ಒಂದು ಸಾಲಿಗೆ ಕಾದಂಬರಿ ಅವಳಿಂದ ಎಷ್ಟು ದಂಡ ವಸೂಲಿ ಮಾಡುತ್ತದೆ ಅಂತ ನೀವೇ ಓದಿ ನೋಡಬೇಕು. ಮುಂದೆ ಅವಳಿಗೆ ನಾಲ್ಕು ಗಂಡಸರ ರಕ್ತ ಕೊಡುತ್ತಾರೆ, ಒಬ್ಬರಾದ ಮೇಲೆ ಒಬ್ಬರದ್ದು. ರಕ್ತದ ಗುಂಪುಗಳು ಗೊತ್ತಾಗಿದ್ದು ಈ ಪುಸ್ತಕ ಬಂದ ಮೂರ್ನಾಲ್ಕು ವರ್ಷದ ನಂತರ. ಬ್ಲಡ್ ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಗುಂಪಿನ ಹುಡುಗ ಆ ಭಾಗ ಓದಿ ತಲೆ ಮೇಲೆ ಕೈ ಹೊತ್ತು ಕೂತಿದ್ದ.

ಗಂಡಸರೂ ತಪ್ಪಿಸಿಕೊಂಡಿಲ್ಲ. ಮೂರನೇ ಅಧ್ಯಾಯದಲ್ಲಿ ಕೋಟೆಯೊಳಗೆ ಮೂವರು ಹೆಂಗಸರು ಬರುತ್ತಾರೆ. ಕೆಲಸದ ಮೇಲೆ ಅಲ್ಲಿಗೆ ಹೋದ ಲಾಯರ್, ಮೀನಾಳನ್ನು ಮದುವೆಯಾಗಬೇಕಿರುವ ಜೊನಾಥನ್ ನಿದ್ದೆ ಬಂದವನಂತೆ ಮಲಗಿ ರೆಪ್ಪೆ ಸಂದಿಯಿಂದ ನೋಡುತ್ತಾನೆ. ಓಡಬೇಕು ಅಂತಲೂ ಇದೆ, ಹತ್ತಿರ ಬರಲಿ ಅಂತಲೂ ಇದೆ. ಇದನ್ನು ಮುಂದೆ ಎಂದಾದರೂ ಮೀನಾ ಓದಿದರೆ ನೊಂದುಕೊಳ್ಳುತ್ತಾಳೆ, ಆದರೂ ನಿಜ ನಿಜವೇ ಅಂತ ಡೈರಿಯಲ್ಲಿ ಬರೆದಿಡುತ್ತಾನೆ. ಇಡೀ ಪುಸ್ತಕದಲ್ಲಿ ಇಷ್ಟು ಪ್ರಾಮಾಣಿಕವಾದ ಸಾಲು ಇನ್ನೊಂದಿಲ್ಲ.

ಕಷ್ಟ ಏನೆಂದರೆ ನಡುವಿನ ಭಾಗ ಜಗ್ಗುತ್ತದೆ. ಡ್ರಾಕುಲಾ ತಾನು ಮಲಗಲೆಂದು ತನ್ನೂರಿನ ಮಣ್ಣು ತುಂಬಿ ತಂದ 50 ಪೆಟ್ಟಿಗೆಗಳನ್ನು ಹುಡುಕುವುದರಲ್ಲೇ ಅಧ್ಯಾಯಗಳು ಕಳೆಯುತ್ತವೆ. ಈ ಹುಡುಕಾಟದ ಮುಂದಾಳು ಪ್ರೊಫೆಸರ್ ವ್ಯಾನ್ ಹೆಲ್ಸಿಂಗ್ ಹರಕುಮುರುಕು ಇಂಗ್ಲಿಷಿನಲ್ಲಿ ಪುಟಗಟ್ಟಲೆ ಭಾಷಣ ಮಾಡುತ್ತಾನೆ. ಇಂಗ್ಲೆಂಡಿನ ವಿಟ್ಬಿ ಊರಿನ ಮುದುಕನೊಬ್ಬನ ಆಡುಮಾತಂತೂ ಇಂಗ್ಲಿಷ್ ಎಂ.ಎ. ಮಾಡಿದವರಿಗೂ ಅರ್ಥವಾಗುವುದು ಕಷ್ಟ. ತಲೆ ಕೆಡಿಸಿಕೊಳ್ಳದೆ ಮುಂದೆ ಹೋಗಿ. ಅಂದಹಾಗೆ ಸ್ಟೋಕರ್ ಡ್ರಾಕುಲಾನ ಕೋಟೆ ಇರುವ ಟ್ರಾನ್ಸಿಲ್ವೇನಿಯಾಕ್ಕೆ ಕಾಲಿಟ್ಟವನೇ ಅಲ್ಲ. ಡ್ರಾಕುಲಾ ಅನ್ನುವ ಹೆಸರು ಅವನಿಗೆ ಸಿಕ್ಕಿದ್ದೂ ವಿಟ್ಬಿಯ ಲೈಬ್ರರಿಯ ಒಂದು ಪುಸ್ತಕದಲ್ಲಿ. ಕಬ್ಬನ್ ಪಾರ್ಕಿನ ಕೆಂಪು ಲೈಬ್ರರಿಯಲ್ಲಿ ಕೂತು ಹಿಮಾಲಯದ ಕಥೆ ಬರೆದ ಹಾಗೆ. ಆದರೆ ಮೊದಲ ನಾಲ್ಕು ಅಧ್ಯಾಯ ಓದುವಾಗ ಇದು ನಿಮಗೆ ನೆನಪೂ ಆಗುವುದಿಲ್ಲ.

ಕಾರ್ಮಿಲ್ಲಾ: ನನ್ನ ಓಟು ಇದಕ್ಕೆ

ಡ್ರಾಕುಲಾಗಿಂತ 25 ವರ್ಷ ಹಳೆಯದು. ಮೊದಲು 1871-72ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, 1872ರಲ್ಲಿ ಲೆ ಫಾನುವಿನ ಕಥಾಸಂಗ್ರಹವೊಂದರಲ್ಲಿ ಸೇರಿತು. 16 ಪುಟ್ಟ ಅಧ್ಯಾಯ, ನೂರು ಪುಟದ ಆಸುಪಾಸು. ನಾನು ಇದನ್ನು ಓದಿದ್ದು ಹಸಿರು ಮಾರ್ಗದ ಮೆಟ್ರೋದಲ್ಲಿ. ಬನಶಂಕರಿಯಲ್ಲಿ ಹತ್ತಿ ಸಂಪಿಗೆ ರಸ್ತೆಯಲ್ಲಿ ಇಳಿಯುವಷ್ಟರಲ್ಲಿ ಒಂದೆರಡು ಅಧ್ಯಾಯ ಮುಗಿಯುತ್ತಿತ್ತು. ಸೀಟು ಸಿಗಬೇಕು ಅಷ್ಟೇ.

ಆಸ್ಟ್ರಿಯಾದ ಸ್ಟಿರಿಯಾದಲ್ಲಿ ಒಂದು ಒಂಟಿ ಕೋಟೆಮನೆ. ಅಲ್ಲಿ ತಾಯಿ ಇಲ್ಲದ ಹುಡುಗಿ ಲಾರಾ. ಅಪ್ಪ, ನೋಡಿಕೊಳ್ಳುವ ಇಬ್ಬರು ಹೆಂಗಸರು, ಸುತ್ತ ಕಾಡು. ಜೊತೆಗೆ ಒಬ್ಬ ಗೆಳತಿ ಇದ್ದಿದ್ದರೆ ಅನ್ನುವ ಹಂಬಲದಲ್ಲಿ ಅವಳು ಇರುವಾಗಲೇ ಮನೆ ಮುಂದೆ ಒಂದು ಸಾರೋಟು ಉರುಳುತ್ತದೆ. ಒಳಗಿದ್ದ ಹೆಂಗಸಿಗೆ ಅವಸರದ ಪ್ರಯಾಣ. ಮಗಳಿಗೆ ಸುಸ್ತು. ಮೂರು ತಿಂಗಳು ಇವಳನ್ನು ನೋಡಿಕೊಳ್ಳುತ್ತೀರಾ? ಲಾರಾಳ ಅಪ್ಪ ಒಪ್ಪುತ್ತಾನೆ, ಲಾರಾ ಕುಣಿದಾಡುತ್ತಾಳೆ. ಇಲ್ಲಿ ಬಾಗಿಲನ್ನು ಯಾರೂ ತಟ್ಟುವುದೇ ಇಲ್ಲ. ಮನೆಯವರೇ ತೆರೆದು, ಹಾಸಿಗೆ ಹಾಸಿ ಕೊಡುತ್ತಾರೆ. ಮನೆಗೆ ಬಂದವರಿಗೆ ಮೊದಲು ನೀರು ಬೆಲ್ಲ ಕೊಡುವ ನಮ್ಮಂಥವರಿಗೆ ಇದು ಇನ್ನೂ ಚುಚ್ಚುತ್ತದೆ, ಅಲ್ವಾ?

ಬಂದವಳು ಯಾರು ಅಂತ ನಿಮಗೆ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಅದು ಗುಟ್ಟೇ ಅಲ್ಲ. ಗುಟ್ಟು ಇರುವುದು ಲಾರಾಳ ಮನಸ್ಸಿನಲ್ಲಿ. ಕಾರ್ಮಿಲ್ಲಾ ಕೈ ಹಿಡಿದು, ಕೆನ್ನೆಗೆ ಕೆನ್ನೆ ತಾಗಿಸಿ ಮಾತಾಡುವಾಗ ಲಾರಾಳಿಗೆ ಒಲವೂ ಆಗುತ್ತದೆ, ಅಸಹ್ಯವೂ ಆಗುತ್ತದೆ, ಎರಡೂ ಒಟ್ಟಿಗೆ. ಆ ಒಲವಿಗೆ ಅವಳ ಕಾಲದಲ್ಲಿ ಹೆಸರಿಲ್ಲ. ಹತ್ತು ವರ್ಷದ ಮೇಲೆ ಕೂತು ಬರೆಯುವಾಗಲೂ ಕೈ ನಡುಗುತ್ತದೆ ಅಂತ ಅವಳೇ ಹೇಳುತ್ತಾಳೆ. ಗಂಡಸರು ಇಲ್ಲೂ ಅದೇ ಜಾತಿ. ಡಾಕ್ಟರು ಅವಳನ್ನು ಪರೀಕ್ಷೆ ಮಾಡಿ ಅಪ್ಪನನ್ನು ಪಕ್ಕಕ್ಕೆ ಕರೆದು ಮಾತಾಡುತ್ತಾರೆ. ಅವಳ ಮೈಗೆ ಆಗಿರುವುದು ಅವಳಿಗೇ ಹೇಳುವುದಿಲ್ಲ. 'ದೊಡ್ಡವರು ಮಾತಾಡ್ತಿದಾರೆ, ನೀನು ಒಳಗೆ ಹೋಗು' ಅನ್ನುವ ನಮ್ಮನೆ ಮಾತು ಕೇಳಿಸುತ್ತದೆ.

ಕೊನೆ ಹೇಳುವುದಿಲ್ಲ. ಆದರೆ ಕಟ್ಟಕಡೆಯ ವಾಕ್ಯ ಒಂದು ಬಾಗಿಲ ಬಳಿ ನಿಲ್ಲುತ್ತದೆ. ಡ್ರಾಕುಲಾ ಮುಗಿಸಿದಾಗ ಎಲ್ಲ ಸರಿಹೋಯಿತು ಅನ್ನಿಸುತ್ತದೆ. ಇದನ್ನು ಮುಗಿಸಿದಾಗ ಲಾರಾ ಇನ್ನೂ ಕಾಯುತ್ತಿದ್ದಾಳೆ ಅನ್ನಿಸುತ್ತದೆ. ಭಯದಿಂದ ಕಾಯುತ್ತಿದ್ದಾಳಾ ಬೇರೆ ಇನ್ನೇನಾದರೂ ಇದೆಯಾ, ಅದು ಮಾತ್ರ ಬಗೆಹರಿಯುವುದಿಲ್ಲ. ನಾನು ಇದನ್ನೇ ಮೊದಲು ಓದಿ ಅನ್ನುವುದು ಇದಕ್ಕೆ.

ಟರ್ನ್ ಆಫ್ ದಿ ಸ್ಕ್ರೂ: ಜಗಳ ಆಡುವ ಗುಂಪು ಇದ್ದರೆ ಮಾತ್ರ

1898ರದ್ದು, 24 ಅಧ್ಯಾಯ. ಪುಟ ಕಡಿಮೆ ಅಂತ ಮೋಸ ಹೋಗಬೇಡಿ. ಜೇಮ್ಸ್‌ನ ಒಂದು ವಾಕ್ಯ ಮೆಜೆಸ್ಟಿಕ್‌ನಲ್ಲಿ ಹತ್ತಿದರೆ ಇಳಿಯುವುದು ಕೆಂಗೇರಿಯಲ್ಲೇ. ಎರಡು ಸಲ ಓದಬೇಕು. ಕೆಲವನ್ನು ಮೂರು ಸಲ.

ಬಡ ಪಾದ್ರಿಯ ಇಪ್ಪತ್ತು ವರ್ಷದ ಮಗಳು. ಎರಡು ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಸಿಗುತ್ತದೆ. ಯಜಮಾನ ನೋಡೋಕೆ ಲಕ್ಷಣವಾಗಿದ್ದಾನೆ. ಅವಳು ಅವನನ್ನು ಕಂಡಿದ್ದು ಬರೀ ಎರಡು ಸಲ. ಅವನದ್ದು ಒಂದೇ ಷರತ್ತು: ಏನೇ ಆದರೂ ನನಗೆ ತೊಂದರೆ ಕೊಡಬೇಡ, ಕಾಗದ ಬರೆಯಬೇಡ. ಒಂದು ಸಂಜೆ ತೋಟದಲ್ಲಿ ಓಡಾಡುತ್ತಾ, ಈಗ ತಿರುವಿನಲ್ಲಿ ಯಾರೋ ಕಾಣಿಸಿಕೊಂಡು ನನ್ನ ನೋಡಿ ನಕ್ಕರೆ ಎಷ್ಟು ಚೆಂದ ಅಂದುಕೊಳ್ಳುತ್ತಾಳೆ. ತಲೆ ಎತ್ತಿದರೆ ಗೋಪುರದ ಮೇಲೆ ಒಬ್ಬ ನಿಂತಿದ್ದಾನೆ. ಅವಳು ಅಂದುಕೊಂಡವನಲ್ಲ.

ಅಲ್ಲಿ ನಿಜವಾಗಿ ದೆವ್ವ ಇತ್ತಾ, ಅವಳ ತಲೆಯೊಳಗೆ ಮಾತ್ರ ಇತ್ತಾ? 1934ರಲ್ಲಿ ಎಡ್ಮಂಡ್ ವಿಲ್ಸನ್ ಅನ್ನುವ ವಿಮರ್ಶಕ, ಅದೆಲ್ಲ ಅವಳ ಅದುಮಿಟ್ಟ ಆಸೆಯ ಭ್ರಮೆ ಅಂತ ವಾದಿಸಿದ. ಆ ಜಗಳ ಇನ್ನೂ ಮುಗಿದಿಲ್ಲ. ನಮ್ಮ ಗುಂಪಿನಲ್ಲಿ ಕಾಫಿ ಆರಿಹೋಗುವಷ್ಟು ವಾದ ಆಯಿತು. ನಿವೃತ್ತರಾದ ಟೀಚರೊಬ್ಬರು ಕೊನೆಗೆ, "ಆ ಹುಡುಗಿಗೆ ವಾರಕ್ಕೊಂದು ರಜೆ ಕೊಟ್ಟಿದ್ರೆ ಯಾವ ದೆವ್ವನೂ ಬರ್ತಿರಲಿಲ್ಲ" ಅಂದರು. ವಿಲ್ಸನ್‌ಗಿಂತ ನನಗೆ ಇದೇ ಜಾಸ್ತಿ ಒಪ್ಪಿಗೆಯಾಯಿತು. ಒಬ್ಬರೇ ಓದುವುದಾದರೆ ಈ ಪುಸ್ತಕ ಕೊನೆಗಿರಲಿ.

ಡೋರಿಯನ್ ಗ್ರೇ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಇದರ ಕಥೆ ಓದದವರಿಗೂ ಗೊತ್ತು. ಮನುಷ್ಯ ಹರೆಯದಲ್ಲೇ ಉಳಿಯುತ್ತಾನೆ, ಅವನ ಚಿತ್ರಕ್ಕೆ ವಯಸ್ಸೂ ಪಾಪವೂ ಅಂಟುತ್ತವೆ. ಆ ಚಿತ್ರವನ್ನು ಅವನು ಮನೆಯ ಮೇಲಿನ ಹಳೇ ಪಾಠದ ಕೋಣೆಯಲ್ಲಿಟ್ಟು ಬೀಗ ಹಾಕುತ್ತಾನೆ. ಈ ಬಾಗಿಲಿನ ಬೀಗದ ಕೈ ಅವನ ಜೇಬಿನಲ್ಲೇ ಇದೆ. ಅವನ ಪಾಪಗಳೇನು ಅಂತ ವೈಲ್ಡ್ ಬಹುಪಾಲು ಹೇಳುವುದೇ ಇಲ್ಲ. ಆದರೂ 1895ರಲ್ಲಿ, ಗಂಡಸರ ಜೊತೆಗಿನ ವೈಲ್ಡ್‌ನ ಸಂಬಂಧದ ಮಾತು ಕೋರ್ಟಿಗೆ ಬಂದಾಗ, ಈ ಪುಸ್ತಕವನ್ನೇ ಅವನ ವಿರುದ್ಧ ಓದಿದರು. ಇಂಗ್ಲಿಷ್ ನಾಲ್ಕರಲ್ಲೂ ಇದರದ್ದೇ ಹಗುರ, ಮಾತುಗಳು ಚಟಪಟ ಅನ್ನುತ್ತವೆ. ಹನ್ನೊಂದನೇ ಅಧ್ಯಾಯದಲ್ಲಿ ಅತ್ತರು, ಒಡವೆ, ಕಸೂತಿಯ ಉದ್ದ ಪಟ್ಟಿ ಬರುತ್ತದೆ. ಅದನ್ನು ಹಾರಿಸಿದರೆ ನಾನಂತೂ ಏನೂ ಅನ್ನುವುದಿಲ್ಲ. ಕಾಲೇಜಿನ ಮಕ್ಕಳಿಗೆ ಒಳ್ಳೆ ಶುರು ಇದು. ದೆವ್ವಕ್ಕಾಗಿ ಓದುವವರಿಗೆ ನಿರಾಸೆಯಾಗುತ್ತದೆ.

ಕೊಳ್ಳುವ ಮೊದಲು ಅಧ್ಯಾಯ ಎಣಿಸಿ

ಇದು ಪೆಟ್ಟು ತಿಂದು ಕಲಿತದ್ದು. ಒಮ್ಮೆ ಒಂದು ಅಂಗಡಿಯಲ್ಲಿ ದಪ್ಪ ಅಟ್ಟೆಯ ಡ್ರಾಕುಲಾ ಅಗ್ಗಕ್ಕೆ ಸಿಕ್ಕಿತು ಅಂತ ಖುಷಿಯಾಗಿ ತಂದೆ. ಮನೆಗೆ ಬಂದು ನೋಡಿದರೆ ಲೂಸಿಯ ಕಾಗದಗಳೇ ಇಲ್ಲ. ಯಾರೋ ಮಕ್ಕಳಿಗೆ ಅಂತ ಕತ್ತರಿಸಿದ ಪುಸ್ತಕ. ಹೊರಗೆಲ್ಲೂ ಅದನ್ನು ಬರೆದಿರಲಿಲ್ಲ. ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಈ ಕಾದಂಬರಿಗಳಲ್ಲಿ ಕತ್ತರಿ ಹಾಕುವವರು ಮೊದಲು ಕತ್ತರಿಸುವುದೇ ಆಸೆಯ ಭಾಗವನ್ನು. ಉಳಿಯುವುದು ಬರೀ ಬೆಳ್ಳುಳ್ಳಿ, ಶಿಲುಬೆ, ಓಡಾಟ. ಹಾಗಾಗಿ ಡ್ರಾಕುಲಾದಲ್ಲಿ 27 ಅಧ್ಯಾಯ ಇರಬೇಕು, ಮೊದಲ ಪುಟ ಮೇ 3ರ ಡೈರಿಯಿಂದ ಶುರುವಾಗಬೇಕು. ಕಾರ್ಮಿಲ್ಲಾಗೆ 16. ಡೋರಿಯನ್ ಗ್ರೇಯದ್ದು ಸ್ವಲ್ಪ ಗೊಂದಲ: 1890ರಲ್ಲಿ ಪತ್ರಿಕೆಯಲ್ಲಿ ಬಂದಾಗ 13 ಅಧ್ಯಾಯ, 1891ರ ಪುಸ್ತಕದಲ್ಲಿ 20. ವೈಲ್ಡ್ ಮೊದಲು ಕೊಟ್ಟ, ಸಂಪಾದಕರು ಕೈಯಾಡಿಸದ ಪಠ್ಯ 2011ರಲ್ಲಿ ಹಾರ್ವರ್ಡ್‌ನವರಿಂದ ಬಂತು. ಮೊದಲ ಓದಿಗೆ 20 ಅಧ್ಯಾಯದ್ದೇ ಸಾಕು.

ಹಳೇ ಪ್ರತಿಗೆ ಚರ್ಚ್ ಸ್ಟ್ರೀಟಿನ ಬ್ಲಾಸಮ್, ಬುಕ್‌ವರ್ಮ್ ನೋಡಿ. ಬ್ರಿಗೇಡ್ ರಸ್ತೆ ಪಕ್ಕದ ಸೆಲೆಕ್ಟ್‌ನಲ್ಲಿ ಸುಮ್ನೆ ನಿಂತು ಹುಡುಕುವುದೇ ಒಂದು ಸುಖ. ದುಡ್ಡು ಬೇಡ ಅಂದರೆ ನಾಲ್ಕೂ ಕೃತಿಗಳ ಹಕ್ಕುಸ್ವಾಮ್ಯ ಮುಗಿದಿದೆ. ಪ್ರಾಜೆಕ್ಟ್ ಗುಟನ್‌ಬರ್ಗ್‌ನಲ್ಲಿ ಪುಕ್ಕಟೆ ಓದಬಹುದು, ಲಿಬ್ರಿವಾಕ್ಸ್‌ನಲ್ಲಿ ಕೇಳಬಹುದು. ಜೇಮ್ಸ್‌ಗೆ ಮಾತ್ರ ಟಿಪ್ಪಣಿ ಇರುವ ಪ್ರತಿ ಕೊಳ್ಳಿ. ಡ್ರಾಕುಲಾ ಕೇಳಲು ಚೆನ್ನಾಗಿರುತ್ತದೆ, ಎಲ್ಲ ಡೈರಿ ಮತ್ತು ಕಾಗದ ಆದ್ದರಿಂದ ಯಾರೋ ನಿಮಗೇ ಹೇಳುತ್ತಿರುವ ಹಾಗಿರುತ್ತದೆ. ಔಟರ್ ರಿಂಗ್ ರೋಡಿನ ಟ್ರಾಫಿಕ್ಕಿಗೆ ಸರಿಯಾದ ಅಳತೆ.

ಇಂಗ್ಲಿಷ್ ಭಾರ ಅನ್ನಿಸಿದರೆ? ಆಗ ನಾನು ಕೈಗಿಡುವುದು ಕಾದಂಬರಿಯನ್ನಲ್ಲ, ನಾಟಕವನ್ನು: ಗಿರೀಶ ಕಾರ್ನಾಡರ 'ನಾಗಮಂಡಲ'. ಎ.ಕೆ. ರಾಮಾನುಜನ್ ಹೇಳಿದ ಜನಪದ ಕಥೆಯಿಂದ ಹುಟ್ಟಿದ್ದು. ಅಲ್ಲೂ ಬಾಗಿಲಿದೆ. ಅಪ್ಪಣ್ಣ ಹೆಂಡತಿ ರಾಣಿಯನ್ನು ಒಳಗಿಟ್ಟು ಹೊರಗಿನಿಂದ ಬೀಗ ಜಡಿದು ಹೋಗುತ್ತಾನೆ. ರಾತ್ರಿ ನಾಗ ಬಚ್ಚಲ ಮೋರಿಯಿಂದ ಬಂದು, ಗಂಡನದೇ ರೂಪ ತಾಳಿ ರಾಣಿಯ ಮುಂದೆ ನಿಲ್ಲುತ್ತಾನೆ. ಥೇಟ್ ನಾಳೆ ಬಾ ದೆವ್ವದ ಉಪಾಯ. ಆದರೆ ಇಂಗ್ಲಿಷಿನ ರಕ್ತ ಹೀರುವವರ ಕಥೆಗಳಲ್ಲಿ ಎದೆಗೆ ಗೂಟ ಹೊಡೆಯುತ್ತಾರೆ. ಇಲ್ಲಿ ಒಂದು ಮುಕ್ತಾಯದಲ್ಲಿ ರಾಣಿ ಆ ಪುಟ್ಟ ಹಾವನ್ನು ತನ್ನ ಕೂದಲಲ್ಲೇ ಇಟ್ಟುಕೊಳ್ಳುತ್ತಾಳೆ. ಕಾರ್ಮಿಲ್ಲಾ ಓದಿದ ವಾರವೇ ಇದನ್ನೂ ಓದಿ ನೋಡಿ. ಲಾರಾಗೆ ಅಷ್ಟು ಚೆಂದದ ಚಿನ್ನದ ಬಣ್ಣದ ಕೂದಲಿದ್ದೂ ಏನು ಉಪಯೋಗವಾಯಿತು ಅಂತ ನಮ್ಮ ಟೀಚರ್ ಕೇಳಿದರು.

ಈ ತಿಂಗಳು ನಮ್ಮ ಗುಂಪಿನಲ್ಲಿ ಕಾರ್ಮಿಲ್ಲಾ. ಒಬ್ಬರು ಮಾತ್ರ ನನ್ನ ಮಾತು ಕೇಳದೆ ಡ್ರಾಕುಲಾ ಹಿಡಿದಿದ್ದಾರೆ. ನಿನ್ನೆ ರಾತ್ರಿ ಮೆಸೇಜ್ ಬಂತು: "ಹತ್ತೊಂಬತ್ತನೇ ಅಧ್ಯಾಯ. 50 ಪೆಟ್ಟಿಗೆಯಲ್ಲಿ 29 ಸಿಕ್ಕಿವೆ. ಇನ್ನೂ 21 ಹುಡುಕ್ತಾರಂತೆ. ಸ್ಕಿಪ್ ಮಾಡ್ಲಾ?" ಬೇಡ ಅಂದೆ. ಇಪ್ಪತ್ತೊಂದನೇ ಅಧ್ಯಾಯದಲ್ಲಿ ಆ ಗಂಡಸರೆಲ್ಲ ಸೇರಿ ಹೆಗಲು ಕೊಟ್ಟು ಒಂದು ಬಾಗಿಲು ಒಡೆಯುತ್ತಾರೆ. ಡ್ರಾಕುಲಾ ಆಗಲೇ ಒಳಗಿರುತ್ತಾನೆ.